ವಿಷವೈದ್ಯವೂ ಪ್ರಮಾಣವೂ

ಮುಂಗಾರು ಹಿಡಿದು ಹೊಲದ ಕೆಲಸ ಮೊದಲಾದೊಡನೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ರೈತರಿಗೆ ಹಾವಿನ ಭಯವೂ ಮೊದಲಾಗುತ್ತದೆ. ಶೇಂಗಾ ಹೊಲದಲ್ಲಿಯೋ ತೋಟದ ಕತ್ತಲೆಯಲ್ಲಿಯೋ ಹಾವು ಕಡಿದವನನ್ನು ಮೊದಲು ಬೇರು ಅರೆದು ಕುಡಿಸುವವರ ಮನೆಗೋ, ಮಂತ್ರಿಸುವವರ ಬಾಗಿಲಿಗೋ ಒಯ್ಯುವ ರೂಢಿ ಇನ್ನೂ ಅಳಿದಿಲ್ಲ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ಅವಶ್ಯವೆಂದು ಭಾವಿಸುತ್ತೇವೆ.

ನಾವು ದೇಶೀಯ ವೈದ್ಯದ ದ್ವೇಷಿಗಳಲ್ಲ. ಜೋಗಿಮಟ್ಟಿಯ ಗಿಡಮೂಲಿಕೆಗಳ ಹೆಸರನ್ನು ಕೇಳುತ್ತಲೇ ಬೆಳೆದವರು. ಆದಾಗ್ಯೂ, ‘ಇಂಥವರ ಮದ್ದಿನಿಂದ ನೂರು ಮಂದಿ ಬದುಕಿದರು’ ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಲಾರೆವು. ನಮ್ಮ ನಾಡಿನ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಾರಿ ವಿಷವನ್ನು ಬಿಡದೆ ಬರಿದೇ ಕಡಿಯುತ್ತದೆ. ಅಂಥ ರೋಗಿ ಏನನ್ನು ಕುಡಿದರೂ ಬದುಕುತ್ತಾನೆ. ಕೀರ್ತಿ ಬೇರಿಗೆ ಸಲ್ಲುತ್ತದೆ. ನಿಜವಾಗಿ ವಿಷವೇರಿದವನು ಸತ್ತರೆ ಆಯುಸ್ಸು ತೀರಿತೆನ್ನುತ್ತಾರೆ. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟ ಲೆಕ್ಕವನ್ನು ಯಾವ ಸಾಹುಕಾರನು ಒಪ್ಪಿಯಾನು?

ಪರೀಕ್ಷೆಯೆಂಬುದು ನಮಗೆ ಹೊಸತಲ್ಲ. ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ನಾಲ್ಕು ಬಗೆಯ ಪರೀಕ್ಷೆಯನ್ನು ಚರಕಸಂಹಿತೆಯೇ ವಿಧಿಸಿದೆ. ಸರ್ಪಗಂಧಿಯ ವೃತ್ತಾಂತವನ್ನು ನೋಡಿರಿ. ಅದರ ಬೇರನ್ನು ಹಾವಿನ ವಿಷಕ್ಕೆ ಮದ್ದೆಂದು ಬಳಸುತ್ತಿದ್ದರು. ಅದು ರಕ್ತದ ಒತ್ತಡವನ್ನು ಇಳಿಸುವುದೆಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸರು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ರೋಗಿಗಳಲ್ಲಿ ಕಂಡ ಫಲವನ್ನು ಪ್ರಪಂಚದ ಮುಂದಿಟ್ಟರು. ಹಾವಿನ ವಿಷಕ್ಕೆ ಮದ್ದೆಂಬ ಮಾತು ಮಾತ್ರ ಸಿದ್ಧವಾಗಲಿಲ್ಲ. ಪರೀಕ್ಷೆಯಿಂದ ಆ ಮೂಲಿಕೆಯ ಗೌರವ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಸಿದ್ಧವಾದ ಮದ್ದು ಕುದುರೆಯ ರಕ್ತದಿಂದ ತೆಗೆಯುವ ಪ್ರತಿವಿಷವೊಂದೇ. ಅದು ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ. ಕೊಡುವುದು ತಡವಾದಷ್ಟೂ ಅದರಿಂದಾಗುವ ಪ್ರಯೋಜನ ಕಡಿಮೆ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಮೃತಪಟ್ಟರೆಂದು ಸಂಶೋಧಕರ ಅಂದಾಜು. ಕರ್ನಾಟಕ ಸರ್ಕಾರದವರು 2024ರ ಫೆಬ್ರವರಿಯಲ್ಲಿ ಪ್ರತಿಯೊಂದು ಹಾವು ಕಡಿತವನ್ನೂ ವರದಿ ಮಾಡತಕ್ಕದ್ದೆಂದು ಗೊತ್ತುಪಡಿಸಿದ್ದು ಸರಿಯಾದ ಕ್ರಮ. ಸತ್ತವರೂ ಇನ್ನು ಲೆಕ್ಕಕ್ಕೆ ಬರಬೇಕು.

ಆದರೆ ವರದಿಯೊಂದರಿಂದಲೇ ಪ್ರಾಣ ಉಳಿಯದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ, ಹೋಬಳಿಯ ಆರೋಗ್ಯ ಕೇಂದ್ರದಲ್ಲಿಯೂ ಪ್ರತಿವಿಷವೂ, ಅದನ್ನು ಅಂಜದೆ ಕೊಡಬಲ್ಲ ವೈದ್ಯರೂ ರಾತ್ರಿ ಹಗಲು ಇರುವಂತೆ ಅಧಿಕಾರಿಗಳು ನೋಡಿಕೊಳ್ಳಬೇಕು. ಮಹಾಜನರು ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಡಿದ ಅಂಗವನ್ನು ಅಲುಗಿಸದೆ ರೋಗಿಯನ್ನು ನೇರವಾಗಿ ಆಸ್ಪತ್ರೆಗೆ ಸಾಗಿಸಬೇಕು.

ನಾಟಿ ವೈದ್ಯರಲ್ಲಿ ನಮ್ಮ ವಿಜ್ಞಾಪನೆ ಇನ್ನೊಂದಿದೆ. ಹಳ್ಳಿಯವರು ಮೊದಲು ನಂಬಿ ಬರುವುದು ತಮ್ಮಲ್ಲಿಗೆ. ‘ಮೊದಲು ಆಸ್ಪತ್ರೆಗೆ ನಡೆಯಿರಿ, ನಾನೂ ಜೊತೆಗೆ ಬರುತ್ತೇನೆ’ ಎಂದು ತಾವು ಹೇಳಿದರೆ, ಸರ್ಕಾರದ ಹತ್ತು ಪ್ರಕಟಣೆಗಳಿಂದ ಆಗದ ಉಪಕಾರ ಆ ಒಂದು ಮಾತಿನಿಂದ ಆಗುವುದು.