ಎರಡು ರೂಪಾಯಿ ಷೇರು, ಇನ್ನೆಷ್ಟು ಬೀಳುತ್ತೆ?

'ಎರಡೇ ರೂಪಾಯಿ ಷೇರು ಮಗಾ, ಇನ್ನೆಷ್ಟು ಬೀಳುತ್ತೆ?' ಅಂತ ಮೆಸ್ ಬಿಲ್ಲಿನ ದುಡ್ಡು ಹಾಕಿದೋರು ನಾವೇ. ಎರಡು ಒಂದಾದರೆ ಅರ್ಧ ದುಡ್ಡು ಹೋಯ್ತು ಅನ್ನೋ ಮೂರನೇ ಕ್ಲಾಸಿನ ಲೆಕ್ಕ ಎಂಜಿನಿಯರಿಂಗ್ ಓದೋ ನಮಗೆ ಹೊಳೆಯಲೇ ಇಲ್ಲ!

ಜೆಟ್ ಏರ್‌ವೇಸ್ ಕಥೆ ನೋಡಿ. 2019ರ ಏಪ್ರಿಲ್‌ನಲ್ಲಿ ಹಾರಾಟ ನಿಂತಿತು. ಮತ್ತೆ ಹಾರುತ್ತೆ ಅಂತ ಎಷ್ಟೋ ಸಣ್ಣ ಹೂಡಿಕೆದಾರರು ಷೇರು ಹಿಡಿದು ಕೂತರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಂಪನಿ ಮುಚ್ಚಿ ಆಸ್ತಿ ಮಾರಲು ಆದೇಶಿಸಿತು. 2016ರ ದಿವಾಳಿ ಕಾಯ್ದೆಯ ಪ್ರಕಾರ, ಹಾಗೆ ಬಂದ ದುಡ್ಡಲ್ಲಿ ಕಾರ್ಮಿಕರು, ಬ್ಯಾಂಕು, ಸರ್ಕಾರ ಎಲ್ಲರ ಬಾಕಿ ತೀರಿದ ಮೇಲೇ ಸಾಮಾನ್ಯ ಷೇರುದಾರರ ಸರದಿ. ಪಂಕ್ತಿಯ ಕೊನೆಯ ಎಲೆ ನಮ್ಮದು. ಬಡಿಸೋರು ಬರೋ ಹೊತ್ತಿಗೆ ಸಾಮಾನ್ಯವಾಗಿ ಪಾತ್ರೆ ಖಾಲಿ.

ಆಸೆ ಪಡೋದು ತಪ್ಪಲ್ಲ. ಆದರೆ 'ಕೊಂಡ ಬೆಲೆಗೆ ಬರಲಿ, ಮಾರ್ತೀವಿ' ಅಂತ ಕಾಯೋದು ಬರೀ ಹಠ. ನಾವು ಎಷ್ಟಕ್ಕೆ ಕೊಂಡೆವು ಅನ್ನೋದು ಮಾರುಕಟ್ಟೆಗೆ ಬೇಕಿಲ್ಲ. ನಮ್ಮನ್ನು ನಾವೇ ಕೇಳಿಕೊಳ್ಳೋಣ: ಇವತ್ತು ಕೈಯಲ್ಲಿ ದುಡ್ಡಿದ್ರೆ ಈ ಷೇರನ್ನೇ ಕೊಳ್ತೀವಾ? ಇಲ್ಲ ಅಂದ್ರೆ, ಅಪ್ಪ ಕಳಿಸಿದ್ದರಲ್ಲಿ ಉಳಿದಷ್ಟನ್ನಾದರೂ ವಾಪಸ್ ತಂದು ಮೆಸ್ಸಿಗೆ ಕಟ್ಟೋಣ.