ಕೇಳಿದರೆ ಮಾತ್ರ ಓಗೊಡುವ ಡಿಸ್ಕು

ಮನೆಗೆ ಬರುವ ನೆಂಟರಲ್ಲಿ ಎರಡು ಬಗೆ. ಕೆಲವರು ಬೀದಿಬಾಗಿಲಿನಿಂದಲೇ ಕೂಗಿ ತಮ್ಮ ಆಗಮನವನ್ನು ಸಾರುತ್ತಾರೆ. ಮತ್ತೆ ಕೆಲವರು ಸದ್ದಿಲ್ಲದೆ ಜಗಲಿಯ ಮೇಲೆ ಕುಳಿತು, ಮನೆಯವರಾಗಿಯೇ ಬಂದು ವಿಚಾರಿಸುವವರೆಗೆ ಬಾಯಿ ಬಿಡುವುದಿಲ್ಲ. ಗಣಕಯಂತ್ರಕ್ಕೆ ಜೋಡಿಸುವ ಡಿಸ್ಕುಗಳಲ್ಲಿಯೂ ಈ ಎರಡು ಜಾತಿಗಳುಂಟು. ಮೊದಲನೆಯದು ಜೋಡಿಸಿದೊಡನೆ ಕಾಣಿಸಿಕೊಳ್ಳುತ್ತದೆ. ಎರಡನೆಯದು, ಸಂಪರ್ಕವೆಲ್ಲ ಸರಿಯಾಗಿದ್ದರೂ, ಇಲ್ಲವೇ ಇಲ್ಲವೆಂಬಂತೆ ಇದ್ದುಬಿಡುತ್ತದೆ. ಏನೋ ಕೆಟ್ಟಿತೆಂದು ಬಗೆದು ಯಂತ್ರವನ್ನೇ ನಿಲ್ಲಿಸಿ ಮತ್ತೆ ಚಾಲೂ ಮಾಡುವವರು ಬಹಳ ಮಂದಿ. ಅಷ್ಟು ಶ್ರಮ ಸಾಮಾನ್ಯವಾಗಿ ಬೇಕಿಲ್ಲ, ವಿಚಾರಿಸಿದರೆ ಸಾಕು.

ವಿಚಾರಿಸಬೇಕಾದವರು ಯಾರು? ಆಪರೇಟಿಂಗ್ ಸಿಸ್ಟಂನ ಒಳತಿರುಳಾದ ಕರ್ನೆಲ್. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್ ಕರ್ನೆಲನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ; ಇಂದು ಆಂಡ್ರಾಯ್ಡ್ ಫೋನಿನಿಂದ ಹಿಡಿದು ಮಹಾಗಣಕಗಳವರೆಗೆ ಅದರದೇ ಆಡಳಿತ. ಸಾಮಾನ್ಯ ಪ್ರೋಗ್ರಾಂ ಯಾವುದೂ ಡಿಸ್ಕನ್ನು ನೇರವಾಗಿ ಮುಟ್ಟುವಂತಿಲ್ಲ. ಕರ್ನೆಲ್ ತನ್ನ ಪಟ್ಟಿಯಲ್ಲಿ ಬರೆದುಕೊಂಡ ಡಿಸ್ಕು ಮಾತ್ರ ಉಳಿದವರ ಪಾಲಿಗೆ ಉಂಟು; ಬರೆದುಕೊಳ್ಳದಿದ್ದುದು ಮೇಜಿನ ಮೇಲೆ ಕಣ್ಣೆದುರಿಗಿದ್ದರೂ ಇಲ್ಲ.

ಕೂಗಿ ಬರುವ ನೆಂಟನೆಂದರೆ ಯುಎಸ್‌ಬಿ ಡಿಸ್ಕು. ಯುಎಸ್‌ಬಿ ೨.೦ ಪದ್ಧತಿಯಲ್ಲಿ ಉಪಕರಣವು ತನ್ನ ಎರಡು ಮಾಹಿತಿ ತಂತಿಗಳಲ್ಲಿ ಒಂದನ್ನು ೧.೫ ಕಿಲೋಓಮ್ ರೋಧಕದ ಮೂಲಕ ಮೇಲಿನ ವೋಲ್ಟೇಜಿಗೆ ಎಳೆಯುತ್ತದೆ. ಈ ಸಣ್ಣ ಬದಲಾವಣೆಯೇ ಬಾಗಿಲು ತಟ್ಟಿದ ಸದ್ದು. ಕೈ ಅಲುಗಿ ಸಂಪರ್ಕ ಬಿಟ್ಟು ಬಿಟ್ಟು ಬರಬಹುದಾದ್ದರಿಂದ ಕರ್ನೆಲ್ ಆತುರಪಡುವುದಿಲ್ಲ. ಸೆಕೆಂಡಿನ ಹತ್ತನೆಯ ಒಂದು ಭಾಗ ಸಂಪರ್ಕ ಸ್ಥಿರವಾಗಿ ನಿಂತ ಮೇಲೆಯೇ ಮಾತಿಗೆ ತೊಡಗುತ್ತದೆ.

ಜಗಲಿಯ ಮೇಲಿನ ಮೌನಿಯ ಕಥೆ ಬೇರೆ. ೧೯೮೬ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾದ ಸ್ಕಸಿ ಎಂಬ ಪದ್ಧತಿಯಲ್ಲಿ ಒಂದು ಸಾಲಿಗೆ ಎಂಟು ವಿಳಾಸಗಳಿದ್ದವು. ಒಂದು ನಿಯಂತ್ರಕದ್ದು, ಉಳಿದ ಏಳು ಉಪಕರಣಗಳದ್ದು. ಹೊಸಬ ಬಂದನೆಂದು ತಿಳಿಸುವ ಏರ್ಪಾಟು ಅಲ್ಲಿರಲಿಲ್ಲ. ಶಾಲೆಯ ಮೇಷ್ಟರು ಹಾಜರಿ ಕರೆಯುವಂತೆ ಒಂದೊಂದೇ ವಿಳಾಸವನ್ನು ಕೂಗಿ, ಸುಮಾರು ಕಾಲು ಸೆಕೆಂಡು ಕಾದು, ಉತ್ತರ ಬಾರದಿದ್ದರೆ ಮುಂದಕ್ಕೆ ಹೋಗಬೇಕು. ಓಗೊಟ್ಟವನಿಗೆ ‘ನೀನು ಯಾರು’ ಎಂಬ ಪ್ರಶ್ನೆ. ಉತ್ತರದಲ್ಲಿ ಉಪಕರಣದ ಜಾತಿ, ೮ ಅಕ್ಷರಗಳ ತಯಾರಕರ ಹೆಸರು, ೧೬ ಅಕ್ಷರಗಳ ಮಾದರಿಯ ಹೆಸರು ಬರುತ್ತವೆ. ಬಳಿಕ ಕರ್ನೆಲ್ ಅದಕ್ಕೊಂದು ಹೆಸರಿಟ್ಟು, ‘ನಿನ್ನ ಧಾರಣಶಕ್ತಿ ಎಷ್ಟು’ ಎಂದು ಕೇಳಿ, ವಿಭಾಗಗಳ ಪಟ್ಟಿಯನ್ನು ಓದಿಕೊಳ್ಳುತ್ತದೆ. ಹಳೆಯ ತಂತಿಗಳು ಮೂಲೆ ಸೇರಿದರೂ ಈ ಪ್ರಶ್ನೋತ್ತರದ ಭಾಷೆ ಇಂದಿಗೂ ಜೀವಂತ. ದೂರದ ಸಂಗ್ರಹಾಗಾರದಿಂದ ಹಂಚಿಕೊಟ್ಟ ಡಿಸ್ಕು, ವರ್ಚುವಲ್ ಯಂತ್ರಕ್ಕೆ ಸೇರಿಸಿದ ಡಿಸ್ಕು, ಇವು ಹಲವು ವೇಳೆ ಹೀಗೆ ಕರೆಸಿಕೊಂಡೇ ಎದ್ದು ಬರುತ್ತವೆ.

ಕರೆಯುವ ವಿಧಾನ ವಿಚಿತ್ರವೆನ್ನುವಷ್ಟು ಸರಳ. ಲಿನಕ್ಸ್‌ನಲ್ಲಿ ಪ್ರತಿಯೊಂದು ಸ್ಕಸಿ ನಿಯಂತ್ರಕಕ್ಕೂ ‘ಸ್ಕ್ಯಾನ್’ ಎಂಬ ಹೆಸರಿನ ಒಂದು ಕಡತವಿರುತ್ತದೆ. ಆಡಳಿತಗಾರನು ಅದರೊಳಕ್ಕೆ ಮೂರು ಅಡ್ಡಗೆರೆಗಳನ್ನು ಬರೆದರಾಯಿತು. ಯಾವ ಮಾರ್ಗವಾದರೂ ಸರಿ, ಯಾವ ಉಪಕರಣವಾದರೂ ಸರಿ, ಅದರೊಳಗಿನ ಯಾವ ಘಟಕವಾದರೂ ಸರಿ, ಎಲ್ಲರನ್ನೂ ಕೂಗು ಎಂದು ಅದರ ಅರ್ಥ. ಕಡತದಂತೆ ಕಂಡರೂ ಅದು ಕಡತವಲ್ಲ, ಕರ್ನೆಲಿನ ಕಿವಿ.

ಇಲ್ಲಿಯವರೆಗಿನದು ಸುಲಭದ ಮಾತು. ಕರ್ನೆಲ್ ಮೊದಲೇ ಬಲ್ಲ ಡಿಸ್ಕು ಬದಲಾದರೆ ಗತಿಯೇನು? ನೂರು ಗಿಗಾಬೈಟಿನ ಡಿಸ್ಕನ್ನು ಸಂಗ್ರಹಾಗಾರದವರು ಇನ್ನೂರಕ್ಕೆ ಹಿಗ್ಗಿಸಿದರೆನ್ನಿ. ಎಷ್ಟೋ ವೇಳೆ ಕರ್ನೆಲಿನ ಪಟ್ಟಿಯಲ್ಲಿ ಹಳೆಯ ಲೆಕ್ಕವೇ ಉಳಿದಿರುತ್ತದೆ; ಆ ಡಿಸ್ಕಿನ ‘ರೀಸ್ಕ್ಯಾನ್’ ಕಡತದಲ್ಲಿ ಒಂದು ಎಂದು ಬರೆದಾಗ ಅದು ಮತ್ತೆ ಅಳತೆ ಕೇಳುತ್ತದೆ. ಆಮೇಲೂ ವಿಭಾಗವನ್ನು ಬೇರೆಯಾಗಿ, ಅದರೊಳಗಿನ ಕಡತವ್ಯವಸ್ಥೆಯನ್ನು ಬೇರೆಯಾಗಿ ಹಿಗ್ಗಿಸಬೇಕು. ಹೊಲದ ಪಕ್ಕದ ಜಮೀನು ಕೊಂಡ ಮಾತ್ರಕ್ಕೆ ಬೇಲಿ ತಾನಾಗಿ ಸರಿಯುವುದಿಲ್ಲವಷ್ಟೆ.

ಇನ್ನೂ ಸೂಕ್ಷ್ಮವಾದ ಪ್ರಸಂಗವೊಂದುಂಟು. ತನ್ನಲ್ಲಿ ಯಾವ ಸಂಖ್ಯೆಗೆ ಯಾವ ಡಿಸ್ಕು ಎಂಬ ಹಂಚಿಕೆ ಬದಲಾದಾಗ ಸಂಗ್ರಹಾಗಾರವು ಮುಂದಿನ ಆಜ್ಞೆಗೆ ಉತ್ತರವಾಗಿ ಎಚ್ಚರಿಕೆಯೊಂದನ್ನು ಕಳುಹಿಸುತ್ತದೆ. ಲಿನಕ್ಸ್ ಅದನ್ನು ಕೇಳಿಸಿಕೊಂಡು ದಿನಚರಿಯಲ್ಲಿ ಬರೆದಿಡುತ್ತದೆ. ಆದರೆ ಹಂಚಿಕೆಯನ್ನು ತಾನಾಗಿ ತಿದ್ದಿಕೊಳ್ಳುವುದಿಲ್ಲ, ಅದು ತನ್ನ ಕೆಲಸವಲ್ಲವೆಂದು ಅಲ್ಲಿಯೇ ಸ್ಪಷ್ಟವಾಗಿ ತಿಳಿಸುತ್ತದೆ. ಇದು ಸೋಮಾರಿತನವೆಂದು ತೋರೀತು. ಆದರೆ ಯೋಚಿಸಿರಿ: ಆ ಸಂಖ್ಯೆಯ ಡಿಸ್ಕಿನ ಮೇಲೆ ಈ ಗಳಿಗೆಯಲ್ಲಿ ಒಂದು ಬ್ಯಾಂಕಿನ ಲೆಕ್ಕ ಬರೆಯಲ್ಪಡುತ್ತಿರಬಹುದು. ಊಹೆಯಿಂದ ಮಾಡಿದ ತಿದ್ದುಪಡಿ ತಪ್ಪಾದರೆ ಒಬ್ಬರ ಲೆಕ್ಕದ ಮೇಲೆ ಇನ್ನೊಬ್ಬರ ಲೆಕ್ಕ ಬಿದ್ದು ಎರಡೂ ಹಾಳು. ಬಳಕೆಯಲ್ಲಿರುವ ಡಿಸ್ಕಿನ ವಿಭಾಗಗಳ ಪಟ್ಟಿಯನ್ನು ಮತ್ತೆ ಓದೆಂದರೆ ‘ಕೆಲಸದಲ್ಲಿದೆ’ ಎಂದು ಕರ್ನೆಲ್ ನಿರಾಕರಿಸುವುದೂ ಇಂತಹ ಕಾರಣಕ್ಕಾಗಿಯೇ.

ಹೆಸರಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ನಮ್ಮದು. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಡಿಸ್ಕಿನ ಹುಟ್ಟುಹೆಸರುಗಳಲ್ಲ. ಕಂಡ ಸರದಿಯಲ್ಲಿ ಕೊಟ್ಟ ಚೀಟಿಗಳು. ಇಂದಿನ ಎಸ್‌ಡಿಬಿ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಎಸ್‌ಡಿಸಿ ಆದೀತು. ಹೆಸರನ್ನೇ ನಂಬಿ ಅಳಿಸಹೊರಟವರು ಖಾಲಿ ಡಿಸ್ಕಿನ ಬದಲು ತುಂಬಿದ ಡಿಸ್ಕನ್ನು ಅಳಿಸಿಯಾರು. ಆದ್ದರಿಂದಲೇ ಪ್ರತಿಯೊಂದು ಕಡತವ್ಯವಸ್ಥೆಗೂ ಪ್ರತ್ಯೇಕವಾದ ಗುರುತುಸಂಖ್ಯೆಯೊಂದನ್ನು ಕೊಡುವುದು ರೂಢಿ. ೨೦೦೩ರಲ್ಲಿ ಬಂದ ಯುಡೆವ್ ಎಂಬ ಸಹಾಯಕ ಪ್ರೋಗ್ರಾಂ ಇಂತಹ ಸ್ಥಿರವಾದ ಗುರುತುಗಳ ಮೂಲಕವೂ ಡಿಸ್ಕನ್ನು ತಲುಪುವಂತೆ ಮಾಡುತ್ತದೆ.

ಬೀಳ್ಕೊಡುಗೆಗೂ ಕ್ರಮವುಂಟು. ನಾವು ಬರೆದುದು ತತ್‌ಕ್ಷಣ ಡಿಸ್ಕನ್ನು ಸೇರುವುದಿಲ್ಲ. ಸಾಮಾನ್ಯವಾಗಿ ಮೂವತ್ತು ಸೆಕೆಂಡುಗಳಷ್ಟು ಕಾಲ ಅದು ಕರ್ನೆಲಿನ ನೆನಪಿನಲ್ಲಿಯೇ ಉಳಿದಿರಬಹುದು. ಆ ಅವಧಿಯಲ್ಲಿ ಡಿಸ್ಕನ್ನು ಕಿತ್ತರೆ, ಉಳಿಸಿದೆವೆಂದು ನಂಬಿದ ಪತ್ರವೋ ಮಗುವಿನ ಭಾವಚಿತ್ರವೋ ಅಲ್ಲಿ ಇರಲಾರದು. ಆದುದರಿಂದ ಜೋಡಿಸಿದಾಗ ಕಾಣದ ಡಿಸ್ಕನ್ನು ಒಮ್ಮೆ ಕರೆದು ನೋಡಿರಿ. ಅಳಿಸುವ ಮೊದಲು ಅದರ ಮಾದರಿ, ಅಳತೆ, ಗುರುತುಸಂಖ್ಯೆಗಳನ್ನು ಓದಿಕೊಳ್ಳಿರಿ. ತೆಗೆಯುವ ಮೊದಲು ಕರ್ನೆಲಿಗೆ ಹೇಳಿ, ಅದರ ಒಪ್ಪಿಗೆ ಬರುವವರೆಗೆ ಕೈ ತಡೆಯಿರಿ.