ಗೊತ್ತಿದ್ದುದನ್ನು ಹೇಳಲು ಬರಬೇಕು

ಶಾಲೆಗೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಕಾಲ ಬಂದಾಗ ನಾವು ಅಧ್ಯಾಪಕರು ಮನೆಮನೆಗೆ ಹೋಗುವುದುಂಟು. ಹೋದಲ್ಲೆಲ್ಲ ಎದುರಾಗುವ ಪ್ರಶ್ನೆ ಒಂದೇ: "ಮಾಷ್ಟ್ರೇ, ಕನ್ನಡದಲ್ಲಿ ಕಲಿತ ಹುಡುಗ ನಾಳೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಾಯಿ ಬಿಡುವುದು ಹೇಗೆ?" ಕಾಸರಗೋಡಿನ ಹೆತ್ತವರ ಈ ಚಿಂತೆಯನ್ನು ಹೊಸೂರಿನವರೂ ಅಕ್ಕಲಕೋಟೆಯವರೂ ಬಲ್ಲರು. ಪ್ರಶ್ನೆ ನ್ಯಾಯವಾದುದೇ. ಭಾಷಾಭಿಮಾನದ ಭಾಷಣ ಮಾಡಿ ಅದನ್ನು ತಳ್ಳಿಹಾಕುವುದು ಸರಿಯಲ್ಲ.

ನಮ್ಮಲ್ಲಿ ಹತ್ತರವರೆಗೆ ಕನ್ನಡದಲ್ಲಿ ಓದಿ, ಈಗ ಸಿವಿಲ್ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿರುವ ಹುಡುಗನೊಬ್ಬ ಸೆಮೆಸ್ಟರ್ ರಜೆಯಲ್ಲಿ ನನ್ನನ್ನು ಕಾಣಲು ಬಂದಿದ್ದ. ಮುಖ ಬಾಡಿತ್ತು. ಕಾಲೇಜಿನಲ್ಲಿ ಅಂತರ್ಜಲದ ಕುರಿತು ಅವನ ಸೆಮಿನಾರು ಇತ್ತಂತೆ. ಪುಸ್ತಕದ ಇಂಗ್ಲಿಷ್ ವಾಕ್ಯಗಳನ್ನು ಅಕ್ಷರ ಬಿಡದೆ ಒಪ್ಪಿಸಿದ್ದಾನೆ. ಪ್ರೊಫೆಸರರು ಕೇಳಿದ್ದು ಇಷ್ಟು: ಜೇಡಿಮಣ್ಣಿನಲ್ಲಿ ಅಷ್ಟೊಂದು ನೀರಿರುತ್ತದೆ ಎನ್ನುತ್ತೀಯಲ್ಲ, ಅಲ್ಲಿ ಬಾವಿ ತೋಡಿದರೆ ನೀರು ಯಾಕೆ ಸಾಕಷ್ಟು ಬರುವುದಿಲ್ಲ? ಇವನು ಮತ್ತೆ ಅದೇ ವ್ಯಾಖ್ಯೆಯನ್ನು ಒಪ್ಪಿಸಿದ. ಅವರು ಕೂರಿಸಿದರು. "ನನ್ನ ಇಂಗ್ಲಿಷ್ ಸಾಲದು ಮಾಷ್ಟ್ರೇ" ಎಂದ. ಇಂಗ್ಲಿಷ್ ಮಾಧ್ಯಮದಿಂದಲೇ ಬಂದ ಇಬ್ಬರು ಗೆಳೆಯರು ಕೂಡ ಅದೇ ಪ್ರಶ್ನೆಗೆ ತಡವರಿಸಿದ್ದರೆಂಬುದನ್ನು ನಾನು ಕೆದಕಿ ಕೇಳಿದ ಮೇಲಷ್ಟೇ ಹೇಳಿದ.

"ಹಾಗಾದರೆ ಕನ್ನಡದಲ್ಲಿ ಹೇಳು ನೋಡುವಾ" ಎಂದೆ. ಆಗಲೂ ಬರಲಿಲ್ಲ. ಸರಂಧ್ರತೆ, ಪಾರಗಮ್ಯತೆ ಎಂಬ ಎರಡು ಶಬ್ದಗಳನ್ನು ಉದುರಿಸಿ ಸುಮ್ಮನಾದ. ನನಗೆ ಚುರುಕ್ಕೆಂದಿತು. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿ ಅಂಕ ಕೊಟ್ಟವರು ನಾವೇ ತಾನೆ?

ಮರುದಿನ ಅವನನ್ನು ಎಂಟನೆಯ ತರಗತಿಗೆ ಕರೆದೊಯ್ದು ಪಾಠ ಮಾಡಲು ಹೇಳಿದೆ. ಮೊದಲ ಹತ್ತು ನಿಮಿಷ ಹಿಂದಿನ ಬೆಂಚಿನವರು ಕಿಟಕಿ ನೋಡುತ್ತಿದ್ದರು. ಆಮೇಲೆ ಒಬ್ಬಳು ಹುಡುಗಿ ಎದ್ದು ಕೇಳಿದಳು: "ಅಣ್ಣಾ, ನಮ್ಮ ಸುರಂಗದಲ್ಲಿ ನೀರು ಬರುವುದೂ ಹೀಗೆಯಾ?" ಹೊರಗಿನ ಓದುಗರಿಗಾಗಿ ಹೇಳಬೇಕು. ನಮ್ಮ ಕಡೆ ಗುಡ್ಡದ ಬದಿಯಿಂದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬಾಳು ನುಗ್ಗುವಷ್ಟು ಅಗಲದ ಸುರಂಗ ಮಾಡುತ್ತಾರೆ. ನೆಲವನ್ನು ಬಾಯಿಯ ಕಡೆಗೆ ತುಸು ಇಳಿಜಾರಾಗಿ ಬಿಟ್ಟರೆ ಜಿನುಗಿದ ನೀರು ತಾನಾಗಿ ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಅಡಕೆ ಮರದ ದಂಬೆಯಲ್ಲಿ ಅದನ್ನು ತೋಟಕ್ಕೆ ಹಾಯಿಸಿದವರು ನಮ್ಮ ಹಿರಿಯರು.

ಹುಡುಗ ಅಲ್ಲಿಂದ ಬದಲಾದ. ಸ್ವಂತ ಅಜ್ಜನ ಸುರಂಗದಲ್ಲಿ ಮೊಂಬತ್ತಿ ಹಿಡಿದು ಹೋದವನು ಅವನು. ಮುರಕಲ್ಲಿನ ತೂತುಗಳು ಒಂದಕ್ಕೊಂದು ಸೇರಿಕೊಂಡಿವೆ, ಆದ್ದರಿಂದ ನೀರು ನಡೆಯುತ್ತದೆ ಎಂದ. ಜೇಡಿಮಣ್ಣು ಎಂದರೆ ಕೋಣೆಗಳು ಬೇಕಾದಷ್ಟಿದ್ದು, ಬಾಗಿಲು ಮಾತ್ರ ಇರುವೆ ನುಸುಳುವಷ್ಟೇ ಇರುವ ಮನೆ. ಒಳಗೆ ನೀರಿದೆ, ಹೊರಡಲು ದಾರಿಯಿಲ್ಲ. ಪ್ರೊಫೆಸರರ ಪ್ರಶ್ನೆಗೆ ಉತ್ತರ ಅದೇ ಆಗಿತ್ತು. ಫ್ರಾನ್ಸಿನ ದಿಜೋನ್ ಪಟ್ಟಣಕ್ಕೆ ನೀರು ಒದಗಿಸಿದ ಇಂಜಿನಿಯರ್ ಹೆನ್ರಿ ಡಾರ್ಸಿ ಮರಳಿನ ಮೂಲಕ ನೀರು ಹಾಯಿಸಿ ಕಂಡುಕೊಂಡು 1856ರಲ್ಲಿ ಪ್ರಕಟಿಸಿದ ನಿಯಮವನ್ನೂ ಹೇಳಿದ: ಎರಡು ಕಡೆಯ ನೀರಿನ ಮಟ್ಟದಲ್ಲಿ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚು, ಸಾಗಬೇಕಾದ ದಾರಿ ಉದ್ದವಾದಷ್ಟೂ ಹರಿವು ಕಡಿಮೆ. ಪಕ್ಕದಲ್ಲಿ ಬೋರ್‌ವೆಲ್ ಬಂದ ಮೇಲೆ ಸುರಂಗ ಬತ್ತುವುದೇಕೆಂದು ಕೇಳಿದಾಗ, ನೀರಿನ ಮಟ್ಟವನ್ನು ಸುರಂಗದ ನೆಲಕ್ಕಿಂತ ಕೆಳಗೆ ಎಳೆದು ಚಿತ್ರ ಬರೆದು ತೋರಿಸಿದ. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ.

ಆ ರಾತ್ರಿ ಅವನು ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದುಕೊಂಡ. ಕಾಲೇಜಿನಲ್ಲಿ ಎರಡನೆಯ ಅವಕಾಶ ಕೇಳಿ ಪಡೆದು, ಮೂರೇ ಚಿತ್ರ ಇಟ್ಟುಕೊಂಡು ಮಾತಾಡಿದನಂತೆ. ವ್ಯಾಕರಣ ಅಲ್ಲಲ್ಲಿ ತಪ್ಪಿತು, ಯಾರೂ ಅದನ್ನು ಎತ್ತಲಿಲ್ಲ ಎಂದು ಫೋನಿನಲ್ಲಿ ಹೇಳಿದ.

ಇದರಿಂದ ಇಂಗ್ಲಿಷ್ ಬೇಡವೆಂದು ನಾನು ಹೇಳಹೊರಟಿಲ್ಲ. ಹತ್ತರ ನಂತರ ಪಠ್ಯ ಇಂಗ್ಲಿಷಿಗೆ ಹೊರಳುತ್ತದೆ, ಆ ಹೊಳೆಯನ್ನು ನಮ್ಮ ಮಕ್ಕಳು ದಾಟಲೇಬೇಕು. ಇಂಗ್ಲಿಷನ್ನು ಒಂದು ವಿಷಯವಾಗಿ ನಮ್ಮ ಶಾಲೆಗಳು ಇನ್ನೂ ಚೆನ್ನಾಗಿ ಕಲಿಸಬೇಕಾಗಿದೆ ಎಂಬ ದೂರನ್ನೂ ಒಪ್ಪುತ್ತೇನೆ. ಆದರೆ ಮಗುವಿಗೆ ವಿಷಯ ತಿಳಿಯುವುದು "ಯಾಕೆ" ಎಂದು ಕೇಳಲು ಬರುವ ಭಾಷೆಯಲ್ಲಿ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದ್ದರ ವಿರುದ್ಧ ಕಾಸರಗೋಡಿನ ಮಕ್ಕಳೂ ಹೆತ್ತವರೂ ಈಚಿನ ವರ್ಷಗಳಲ್ಲಿ ಪ್ರತಿಭಟಿಸಿದ್ದು ಅದಕ್ಕಾಗಿಯೇ. ಆ ಹುಡುಗಿ ಎದ್ದು ಸುರಂಗದ ಮಾತು ಎತ್ತಿದ್ದು, ಪಾಠ ಅವಳ ಭಾಷೆಯಲ್ಲಿ ನಡೆಯುತ್ತಿದ್ದುದರಿಂದ.

ಇನ್ನೊಂದು ವಿಷಯ. ಇಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆ 2021ರಿಂದ ಕನ್ನಡದಲ್ಲಿಯೂ ಬಂತು. ಬಹಳ ಸಂತೋಷ. ಆದರೆ ಆ ವರ್ಷದ ಪ್ರಕಟಣೆಯಲ್ಲಿ ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಿಗೆ ಮಾತ್ರ ಎಂದಿತ್ತು. ಕಾಸರಗೋಡಿನ ಹುಡುಗ ಮಂಗಳೂರಿಗೆ ಹೋದಾನು. ತಾಳವಾಡಿಯವನೂ ಜತ್ತಿನವಳೂ ಗಡಿ ದಾಟಬೇಕು ಎಂದಾಯಿತು. ಗಡಿಯಾಚೆಯ ಕನ್ನಡದ ಮಕ್ಕಳು ಲೆಕ್ಕದಲ್ಲೇ ಇರಲಿಲ್ಲ. ಅರ್ಜಿ ತುಂಬುವಾಗ ಭಾಷೆ ಮತ್ತು ಕೇಂದ್ರದ ಕಾಲಂಗಳನ್ನು ಆ ವರ್ಷದ ಪ್ರಕಟಣೆಯೊಂದಿಗೆ ಹೋಲಿಸಿ ನೋಡಿರಿ. ನಿಮ್ಮ ಊರಿನ ಕೇಂದ್ರದಲ್ಲಿ ಕನ್ನಡ ಸಿಗದಿದ್ದರೆ ಪರೀಕ್ಷಾ ಸಂಸ್ಥೆಗೆ ಬರವಣಿಗೆಯಲ್ಲಿ ಮನವಿ ಕೊಟ್ಟು, ಅದರ ಒಂದು ಪ್ರತಿಯನ್ನು ಶಾಲೆಯ ಮೂಲಕ ನಮಗೂ ತಲಪಿಸಿರಿ.